ಮತ್ತೆ ಒಂದು ವರ್ಷದ ಓದು

ಲಿನೆಟ್ ಕೊವಾಲ್ ಹನ್ನೊಂದು ಮೆಡಿಕಲ್ ಕಾಲೇಜುಗಳಿಗೆ ಅರ್ಜಿ ಹಾಕಿದ್ದಳು. ಚಳಿಗಾಲ ಮುಗಿಯುವಷ್ಟರಲ್ಲಿ ಹತ್ತು ಕಾಲೇಜುಗಳು ಆಗುವುದಿಲ್ಲ ಎಂದಿದ್ದವು. ಹನ್ನೊಂದನೆಯದರ ಉತ್ತರ ಬಂದದ್ದು ಮಾರ್ಚಿನ ಒಂದು ಶುಕ್ರವಾರ. ಆಗ ಅವಳು ಯಂಗ್ಸ್‌ಟೌನಿನ ತಮ್ಮ ಚರ್ಚಿನ ನೆಲಮಾಳಿಗೆಯಲ್ಲಿ, ಈಸ್ಟರ್ ಮುಂಚಿನ, ಮಾಂಸ ಬಿಟ್ಟು ಮೀನು ತಿನ್ನುವ ಉಪವಾಸದ ದಿನಗಳ ಊಟಕ್ಕೆ ಮೀನು ಕರಿಯುತ್ತಿದ್ದ ಅಮ್ಮನ ಪಕ್ಕ ನಿಂತು ಎಲೆಕೋಸು ಹೆಚ್ಚುತ್ತಿದ್ದಳು. ಫೋನ್ ನೋಡಿದಳು, ಜೇಬಿಗೆ ಹಾಕಿಕೊಂಡಳು, ಮತ್ತೆ ಚಾಕು ಹಿಡಿದಳು.

"ಏನಂತೆ?" ಅಮ್ಮ ಮಾರ್ಜ್ ಬಾಣಲೆಯಿಂದ ಕಣ್ಣೆತ್ತದೆ ಕೇಳಿದಳು.

"ಇದೂ ಇಲ್ಲ."

"ನಷ್ಟ ಅವರಿಗೇ, ಬಿಡು."

"ಹನ್ನೊಂದು ಕಡೆಯವರಿಗೂ ಒಟ್ಟೊಟ್ಟಿಗೆ ನಷ್ಟ ಆಗುತ್ತಾ ಅಮ್ಮ?"

ಮಾರ್ಜ್ ಕರಿದ ಮೀನನ್ನು ಬಾಣಲೆಯಿಂದ ತೆಗೆದಳು. ಎದುರಿಗೆ ಜನ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು.

ಲಿನೆಟ್‌ಗೆ ಇಪ್ಪತ್ತೊಂಬತ್ತು. ಬಯಾಲಜಿಯಲ್ಲಿ ಡಿಗ್ರಿ ಮುಗಿಸಿ ಎಂಟು ವರ್ಷವಾಗಿತ್ತು. ಅದರಲ್ಲಿ ಆರು ವರ್ಷ ಊರಿನ ಆಂಬುಲೆನ್ಸ್‌ನಲ್ಲಿ ಪ್ಯಾರಾಮೆಡಿಕ್ ಆಗಿ ದುಡಿದಿದ್ದಳು. ನಿಂತ ಹೃದಯಗಳನ್ನು ಮತ್ತೆ ಬಡಿಯುವಂತೆ ಮಾಡಿದ್ದಳು, ಒಮ್ಮೆ ಅಂಗಡಿಯೊಂದರ ಹಿತ್ತಿಲಲ್ಲಿ ಹೆರಿಗೆಯನ್ನೂ ಮಾಡಿಸಿದ್ದಳು. ಇಷ್ಟೆಲ್ಲ ಅನುಭವವಿರುವಾಗ ಹಳೆಯ ಗ್ರೇಡುಗಳನ್ನು ಯಾರು ಕೆದಕುತ್ತಾರೆ ಎಂದುಕೊಂಡಿದ್ದಳು. ಡಿಗ್ರಿಯಾದ ಮೇಲೆ ವೈದ್ಯಕೀಯಕ್ಕೆಂದೇ ಒಂದು ವರ್ಷ ವಿಜ್ಞಾನ ಓದಿಸುವ ಕೋರ್ಸುಗಳಿವೆ. ಪೋಸ್ಟ್‌ಬ್ಯಾಕ್ ಎನ್ನುತ್ತಾರೆ. ಯಾರಾದರೂ ಅದರ ಮಾತೆತ್ತಿದರೆ, "ಡಿಗ್ರಿ ಇದೆಯಲ್ಲ, ಮತ್ತೆ ಹೋಗಿ ಬೆಂಚ್ ಬಿಸಿ ಮಾಡ್ಲಾ?" ಎಂದು ನಕ್ಕುಬಿಡುತ್ತಿದ್ದಳು.

ಯಾಕೆ ಬೇಡವೆಂದಿರಿ ಎಂದು ವಿಚಾರಿಸಿದರೆ ಕೆಲವು ಕಾಲೇಜಿನವರು ಹೇಳುತ್ತಾರೆ. ಏಪ್ರಿಲ್‌ನಲ್ಲಿ ಒಂದು ಕಾಲೇಜಿನ ಪ್ರವೇಶ ವಿಭಾಗದ ಹೆಂಗಸು ಫೋನಿಗೆ ಸಿಕ್ಕಳು. ಮಾತು ಮೃದು, ಆದರೆ ಸುತ್ತಿ ಬಳಸಿ ಹೇಳುವವಳಲ್ಲ.

"ನಿಮ್ಮ ಅನುಭವದ ಬಗ್ಗೆ ಯಾರದ್ದೂ ತಕರಾರಿಲ್ಲ. ಪ್ರವೇಶ ಪರೀಕ್ಷೆ ಅಂಕಾನೂ ಪರವಾಗಿಲ್ಲ. ಆದ್ರೆ ವಿಜ್ಞಾನದ ಗ್ರೇಡು ನೋಡಿದ್ರೆ, ನಮ್ಮ ಮೊದಲ ವರ್ಷದ ಓದನ್ನ ತಡ್ಕೋತೀರಿ ಅಂತ ನಂಬೋಕೆ ಏನೂ ಸಿಗೋದಿಲ್ಲ."

"ಎರಡನೇ ವರ್ಷದ ಮೂರು 'ಸಿ' ತಾನೇ?"

"ಅವೇ. ಇನ್ನೊಂದು ಮಾತಿದೆ, ಹೇಳ್ಲಾ? ತಂದೆಗೆ ಪಾರ್ಶ್ವವಾಯು ಹೊಡೆದದ್ದರಿಂದ ಹಾಗಾಯ್ತು ಅಂತ ನೀವು ಬರೆದಿದ್ದೀರಿ. ಇನ್ನೊಂದು ಪುಟದಲ್ಲಿ ಅದು ಆದದ್ದು ಮೇ ತಿಂಗಳಲ್ಲಿ ಅಂತ ನೀವೇ ಬರೆದಿದ್ದೀರಿ. 'ಸಿ' ಬಂದಿರೋದು ಅದರ ಹಿಂದಿನ ಡಿಸೆಂಬರ್‌ನಲ್ಲಿ."

ಲಿನೆಟ್‌ಳ ಕಿವಿ ಬಿಸಿಯಾಯಿತು. ಥ್ಯಾಂಕ್ಸ್ ಹೇಳಿ ಫೋನ್ ಇಟ್ಟಳು. ಅಪ್ಪ ಕಾಯಿಲೆ ಬಿದ್ದದ್ದು ನಿಜ, ಎರಡು ವರ್ಷದ ಮೇಲೆ ತೀರಿಕೊಂಡದ್ದೂ ನಿಜ. ಆದರೆ ಆ ಡಿಸೆಂಬರ್‌ನಲ್ಲಿ ಅವಳಿಗೆ ಯಾವ ಕಷ್ಟವೂ ಇರಲಿಲ್ಲ. ಹತ್ತೊಂಬತ್ತರ ವಯಸ್ಸು, ಹೊಸ ಗೆಳೆಯರು, ಪಾರ್ಟಿ. ಬೆಳಗಿನ ಆರ್ಗ್ಯಾನಿಕ್ ಕೆಮಿಸ್ಟ್ರಿ ಕ್ಲಾಸಿನ ಹೊತ್ತಿಗೆ ಗಡದ್ದು ನಿದ್ದೆ. ಅಷ್ಟೇ ಆದದ್ದು.

ಮರುದಿನ ಆಸ್ಪತ್ರೆಯ ಹೊರಗೆ ಗಾಡಿ ನಿಲ್ಲಿಸಿಕೊಂಡು ಪಿಜ್ಜಾ ತಿನ್ನುವಾಗ, ಅಪ್ಪನ ಮಾತು ಬಿಟ್ಟು, ಗ್ರೇಡಿನ ವಿಷಯ ಮತ್ತು ಪೋಸ್ಟ್‌ಬ್ಯಾಕ್ ಮಾಡಲೇ ಎಂಬ ಯೋಚನೆಯನ್ನಷ್ಟೇ ಡ್ವೇನ್‌ಗೆ ಹೇಳಿದಳು. ಡ್ವೇನ್ ಪ್ರೂಯಿಟ್ ಆರು ವರ್ಷದಿಂದ ಆಂಬುಲೆನ್ಸ್‌ನಲ್ಲಿ ಅವಳ ಜೊತೆಗಾರ, ಐವತ್ತು ದಾಟಿದವನು.

"ಪೋಸ್ಟ್‌ಬ್ಯಾಕಾ? ನಿಂಗ್ಯಾಕೆ ಅದೆಲ್ಲ? ಆರ್ಗ್ಯಾನಿಕ್ ಕೆಮಿಸ್ಟ್ರಿ ಪ್ರಶ್ನೆ ಕೇಳೋ ರೋಗಿನ ಒಬ್ಬನ್ನ ತೋರ್ಸು ನೋಡೋಣ. ಹೋದ ವಾರ ಅಲ್ಲಾಡ್ತಿರೋ ಗಾಡೀಲಿ ನೀನು ಆ ಅಜ್ಜಿಗೆ ಒಂದೇ ಏಟಿಗೆ ಸೂಜಿ ಹಾಕ್ದೆ. ನಾನು ಎರಡು ಸಲ ಚುಚ್ಚಿ ಸೋತಿದ್ದೆ."

"ಮೂರು ಸಲ."

"ಲೆಕ್ಕ ಇಟ್ಟಿದ್ದೀಯಾ ಪಾಪಿ!" ಎಂದು ಅವಳ ತಟ್ಟೆಯಿಂದ ಒಂದು ತುಂಡು ಎಗರಿಸಿದ.

ಊರಿನ ಯೂನಿವರ್ಸಿಟಿಯಲ್ಲಿ ವೈದ್ಯಕೀಯಕ್ಕೆ ಹೋಗುವವರಿಗೆ ದಾರಿ ಹೇಳುವ ಸಲಹೆಗಾರ್ತಿ ಹ್ಯಾಲೊರನ್ ಹತ್ತಿರ ಲಿನೆಟ್ ಹೋದದ್ದು ಮೇ ತಿಂಗಳಲ್ಲಿ. ಅವರು ಹಳೆಯ ಗ್ರೇಡು ಪಟ್ಟಿಯನ್ನು ಮೇಜಿನ ಮೇಲೆ ಹರಡಿಕೊಂಡು, ಆ ಮೂರು 'ಸಿ'ಗಳ ಸುತ್ತ ಪೆನ್ಸಿಲಿನಲ್ಲಿ ಗುಂಡಗೆ ಗೆರೆ ಎಳೆದರು.

"ಇಲ್ಲಿ ಏನಾಯ್ತು?"

"ಏನೂ ಆಗ್ಲಿಲ್ಲ. ಓದ್ಲಿಲ್ಲ."

ಹ್ಯಾಲೊರನ್ ಕನ್ನಡಕದ ಮೇಲಿಂದ ನೋಡಿದರು. "ಈ ಪ್ರಶ್ನೆ ಕೇಳಿದ್ರೆ ಎಲ್ರೂ ಕಷ್ಟ ಹೇಳ್ಕೊಂಡು ಅಳೋಕೆ ಶುರು ಮಾಡ್ತಾರೆ."

"ಮೇಡಂ, ನನಗೆ ಪೋಸ್ಟ್‌ಬ್ಯಾಕ್ ಬೇಕಾ ಬೇಡ್ವಾ, ಅದೊಂದು ಹೇಳಿಬಿಡಿ."

"ಇತಿಹಾಸ, ಸಂಗೀತ ಅಂತ ಓದಿ ಬಂದವರಿಗೆ ಬೇಕೇ ಬೇಕು. ಅವರು ವಿಜ್ಞಾನ ಮುಟ್ಟಿರೋದಿಲ್ಲ. ನೀವು ಮುಟ್ಟಿದ್ದೀರಿ, ಸರಿಯಾಗಿ ಹಿಡಿದಿಲ್ಲ. ನಿಮಗೆ ಬೇಕಿರೋದು ಕಷ್ಟದ ನಾಲ್ಕು ವಿಷಯದಲ್ಲಿ 'ಎ'. ಎಲ್ಲಿ ತಗೊಂಡ್ರಿ ಅಂತ ಮೆಡಿಕಲ್ ಕಾಲೇಜಿನವರು ಅಷ್ಟಾಗಿ ನೋಡಲ್ಲ. ಇಲ್ಲೇ ಸಂಜೆ ಕ್ಲಾಸಿಗೆ ಬಂದ್ರೂ ಆಯ್ತು, ಕ್ಲೀವ್‌ಲ್ಯಾಂಡ್‌ನ ಪೂರ್ತಿ ಪೋಸ್ಟ್‌ಬ್ಯಾಕ್ ಕೋರ್ಸಿಗೆ ಸೇರಿದ್ರೂ ಆಯ್ತು."

"ಅಂದ್ರೆ ಪೋಸ್ಟ್‌ಬ್ಯಾಕ್ ಬೇಡ."

"ನಾನೆಲ್ಲಿ ಹಾಗಂದೆ? ಕೆಲಸದ ಜೊತೆ ನಿಮ್ಮ ಕೈಲಿ ಓದೋಕಾಗುತ್ತಾ ಅನ್ನೋದು ನನಗೇನು ಗೊತ್ತು? ಒಂದೇ ಒಂದು ವಿಷಯ ತಗೊಂಡು ನೋಡಿ. ಆಮೇಲೆ ಬನ್ನಿ."

ಆಗಸ್ಟ್ ಕೊನೆಗೆ ಲಿನೆಟ್ ಬಯೋಕೆಮಿಸ್ಟ್ರಿ ತಗೊಂಡಳು. ವಾರಕ್ಕೆ ಎರಡು ಸಂಜೆ ಪಾಠ, ಒಂದು ಸಂಜೆ ಲ್ಯಾಬು. ತನಗಿಂತ ಹತ್ತು ವರ್ಷ ಚಿಕ್ಕವರ ನಡುವೆ ಮೊದಲ ಸಾಲಿನಲ್ಲಿ ಕೂತಳು. ಮೊದಲ ಪರೀಕ್ಷೆಯಲ್ಲಿ ಇಡೀ ಕ್ಲಾಸಿಗೆ ಎರಡನೆಯವಳಾದಳು. ಹೆದ್ದಾರಿಯಲ್ಲಿ ಲಾರಿ ಮಗುಚಿದ ದಿನ ಡ್ಯೂಟಿ ಮುಗಿಯುವಾಗ ಕ್ಲಾಸೂ ಮುಗಿದಿತ್ತು. ಅಕ್ಟೋಬರ್‌ನಲ್ಲಿ ಸಹೋದ್ಯೋಗಿಗಳಿಗೆ ಜ್ವರ ಬಂದು ಎರಡು ವಾರ ಹೆಚ್ಚಿನ ಪಾಳಿ ಬಿತ್ತು; ಎರಡು ಲ್ಯಾಬು ತಪ್ಪಿದವು. ಒಂದು ಸಂಜೆ ಪುಸ್ತಕದ ಮೇಲೆ ಕೆನ್ನೆಯಿಟ್ಟು ನಿದ್ದೆಹೋದವಳನ್ನು ಲೈಬ್ರರಿಯವನು ಬಾಗಿಲು ಹಾಕಬೇಕೆಂದು ಎಬ್ಬಿಸಿದ. ಡಿಸೆಂಬರ್‌ನಲ್ಲಿ 'ಬಿ' ಬಂತು.

ಬೇರೆಯವರಿಗಾದರೆ ಒಳ್ಳೆಯ ಗ್ರೇಡು. ಲಿನೆಟ್‌ಗೆ ಅದು ಸಾಲದು. ಈ ಸಲ ಹೇಳಿಕೊಳ್ಳಲು ನಿಜವಾದ ಕಾರಣಗಳೇ ಇದ್ದವು, ಆದರೆ ಯಾರ ಮುಂದೆ ಹೇಳಿಕೊಳ್ಳಲೂ ಅವಳಿಗೆ ಮನಸ್ಸಾಗಲಿಲ್ಲ. ಪಾಠ ತಲೆಗೆ ಹತ್ತುತ್ತದೆ, ಅದು ಖಾತ್ರಿಯಾಗಿತ್ತು. ಹೊತ್ತು ಸಿಗುವುದಿಲ್ಲ, ಅದೂ ಖಾತ್ರಿಯಾಗಿತ್ತು.

ಭಾನುವಾರ ಅಮ್ಮನ ಅಡುಗೆಮನೆಯಲ್ಲಿ ಎಲೆಕೋಸಿನ ನೂಡಲ್ಸ್ ಮುಂದಿಟ್ಟುಕೊಂಡು ಹೇಳಿದಳು: "ಕ್ಲೀವ್‌ಲ್ಯಾಂಡ್ ಕೋರ್ಸಿಗೆ ಅರ್ಜಿ ಹಾಕ್ತೀನಮ್ಮ. ಒಂದು ವರ್ಷ. ಕೆಲಸ ಬಿಡಬೇಕಾಗುತ್ತೆ."

"ಆರು ವರ್ಷದ ಕೆಲಸ ಕಣೇ! ಆ ಓದು ಮುಗಿಸಿದ್ರೆ ಸೀಟು ಸಿಕ್ಕೇ ಸಿಗುತ್ತಾ?"

"ಇಲ್ಲ. ಹಾಗಂತ ಯಾರೂ ಬರ್ದುಕೊಡಲ್ಲ." ಅವಳು ಫೋರ್ಕನ್ನು ಕೆಳಗಿಟ್ಟಳು. "ಇನ್ನೊಂದು ಹೇಳ್ಬೇಕಿತ್ತು. ಹೋದ ಸಲದ ಅರ್ಜೀಲಿ, ಅಪ್ಪಂಗೆ ಹುಷಾರಿಲ್ದೆ ನಾನು ಓದೋಕಾಗ್ಲಿಲ್ಲ ಅಂತ ಬರ್ದಿದ್ದೆ."

ಮಾರ್ಜ್ ಒಲೆ ಆರಿಸಿ ಮಗಳ ಕಡೆ ತಿರುಗಿದಳು. "ಆ ಚಳಿಗಾಲ ನಿಮ್ಮಪ್ಪ ಗುಂಡುಕಲ್ಲಿನ ಹಾಗಿದ್ರು. ಛಾವಣಿ ಹತ್ತಿ ಹಿಮ ತಳ್ತಿದ್ರು. ಬಡಕೊಂಡ್ರೂ ಇಳೀತಿರ್ಲಿಲ್ಲ."

"ಗೊತ್ತು."

"ಅವರ ಬೆನ್ನ ಹಿಂದೆ ಬಚ್ಚಿಟ್ಕೊಂಡ್ಯಾ?"

"ಹೂಂ."

"ಅವರಿದ್ದಿದ್ರೆ ನಕ್ಕು ಬಿಟ್ಟುಬಿಡ್ತಿದ್ರು. ನಾನು ಬಿಡಲ್ಲ. ನಾಚಿಕೆ ಆಗ್ಬೇಕು ನಿಂಗೆ." ಬೈದು ಮುಗಿಸಿ, ಪಾತ್ರೆಯಲ್ಲಿ ಉಳಿದದ್ದನ್ನೆಲ್ಲ ಮಗಳ ತಟ್ಟೆಗೆ ಸುರಿದಳು. "ತಿನ್ನು. ಆಮೇಲೆ ಹೋಗಿ ಇದ್ದದ್ದು ಇದ್ದ ಹಾಗೆ ಬರಿ."

ಲಿನೆಟ್ ಬರೆದಳು. 'ಎರಡನೆಯ ವರ್ಷ ನಾನು ಓದಲಿಲ್ಲ. ಅದಕ್ಕೆ ಕಾರಣ ನಾನೇ' ಎಂದು ಶುರುಮಾಡಿದಳು. ಆರು ವಾರದ ಮೇಲೆ ಕ್ಲೀವ್‌ಲ್ಯಾಂಡಿನವರು ಕೋರ್ಸಿಗೆ ಸೇರಲು ಬರಹೇಳಿದರು. ಬೇಸಿಗೆಯಲ್ಲಿ ಅಲ್ಲೊಂದು ರೂಮು ಹಿಡಿದಳು, ತಿಂಗಳಿಗೊಂದು ಶನಿವಾರದ ಪಾಳಿ ಮಾತ್ರ ಉಳಿಸಿಕೊಂಡಳು. ಆ ವರ್ಷ ಮೂರು ವಿಷಯದಲ್ಲಿ 'ಎ' ಬಂತು. ಆರ್ಗ್ಯಾನಿಕ್ ಕೆಮಿಸ್ಟ್ರಿ ಮಾತ್ರ ಜಗ್ಗಲಿಲ್ಲ, 'ಎ ಮೈನಸ್'ಗೆ ನಿಂತಿತು.

ಕೋರ್ಸು ಮುಗಿದ ಮೇಲೆ ಊರಿಗೆ ಬಂದು, ಮತ್ತೆ ಆಂಬುಲೆನ್ಸ್ ಹತ್ತಿ, ಒಂಬತ್ತು ಕಾಲೇಜುಗಳಿಗೆ ಅರ್ಜಿ ಹಾಕಿದಳು. ಎರಡು ಕಡೆ ಸಂದರ್ಶನಕ್ಕೆ ಕರೆದರು. ಒಂದು ಕಡೆ ವಯಸ್ಸಾದ ಸರ್ಜನ್ ಒಬ್ಬರು ಆ 'ಸಿ'ಗಳ ಬಗ್ಗೆ ಕೇಳಿದರು. ಅವಳು ಇದ್ದದ್ದನ್ನು ಹೇಳಿದಳು. ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು.

ಜನವರಿಯ ಒಂದು ಮಧ್ಯಾಹ್ನ ಅದೇ ಕಾಲೇಜಿನಿಂದ ಸೀಟು ಕೊಟ್ಟಿದ್ದೇವೆಂದು ಫೋನಿಗೆ ಇಮೇಲ್ ಬಂತು. ಗಾಡಿಯಲ್ಲಿ ಕೂತು ಅದನ್ನು ಎರಡು ಸಲ ಓದಿ ಫೋನನ್ನು ಡ್ವೇನ್ ಕೈಗೆ ಕೊಟ್ಟಳು. ಅವನು ತುಟಿ ಆಡಿಸುತ್ತ ನಿಧಾನವಾಗಿ ಓದಿದ.

"ನಿನ್ನ ಜಾಗಕ್ಕೆ ಯಾವನೋ ಬಾಯಿಬಡುಕನ್ನ ಹಾಕ್ತಾರೆ, ನೋಡ್ತಿರು," ಎಂದ.

ಅವಳು ಉತ್ತರ ಹೇಳುವ ಮೊದಲೇ ರೇಡಿಯೊ ಕರೆಯಿತು: ಎದೆನೋವು, ಎಪ್ಪತ್ತರ ಗಂಡಸು, ಆರು ಬೀದಿ ಆಚೆ. ಡ್ವೇನ್ ಫೋನ್ ವಾಪಸ್ ಕೊಟ್ಟು ಗಾಡಿ ಚಾಲೂ ಮಾಡಿದ.

"ಬೆಲ್ಟ್ ಹಾಕ್ಕೊಳ್ಳಿ ಡಾಕ್ಟ್ರೇ," ಎಂದು ಸೈರನ್ ಒತ್ತಿದ.