ವಿಭೂತಿಯ ಬೆರಳಿಗೆ ತಗುಲಿದ ಬಿಸಿ

ಮೂಡಲಪಾಳ್ಯದ ಆ ಬೀದಿಯಲ್ಲಿ ಫ್ಲೂ ಜ್ವರ ಮನೆಯಿಂದ ಮನೆಗೆ ದಾಟುತ್ತಿತ್ತು. ಕೆಳಗೆ ಸ್ಕೂಲ್ ವ್ಯಾನು ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. ಜಗದಾಂಬಾ ಎಂದಿನಂತೆ ಶಿವನನ್ನು ನೆನೆದು ಮಗಳು ಶಿವಾನಿಯ ಹಣೆಗೆ ವಿಭೂತಿ ಎಳೆದಳು. ಮೂರು ಬೆರಳಿಗೂ ಬಿಸಿ ತಗುಲಿತು.

ಆದರೂ ಜ್ವರದ ಸಿರಪ್ ಕುಡಿಸಿ, ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲಿಳಿಸಿದಳು. ಶನಿವಾರ ಶಾಲೆಯಲ್ಲಿ ವಚನ ಗಾಯನ. ಶಿವಾನಿಯದೇ ಮೊದಲ ದನಿ.

ಕೆಳಗಿನ ಮನೆಯ ಕಲಾವತಿ ಅದೇ ಶಾಲೆಯ ಟೀಚರ್. ಸ್ಕೂಟರ್ ತೆಗೆಯುತ್ತಿದ್ದವರು ಮಗುವಿನ ಕೆಂಪು ಕಣ್ಣು ಕಂಡು ನಿಂತರು.

"ಮಗೂಗೆ ಹುಷಾರಿಲ್ವೇನ್ರೀ?"

"ಸಿರಪ್ ಹಾಕಿದೀನಿ ಮಿಸ್. ಮಧ್ಯಾಹ್ನದವರೆಗೂ ಏನಾಗಲ್ಲ."

"ಸಿರಪ್ಪು ಮೈ ಬಿಸಿ ಇಳಿಸುತ್ತೆ ಅಷ್ಟೇ. ಕೆಮ್ಮಿದ್ರೆ ಪಕ್ಕದವರಿಗೆ ಅಂಟೋದು ಅಂಟುತ್ತೆ. ಇವಳ ಜೊತೆ ಒಂದೇ ಮೈಕಲ್ಲಿ ಹಾಡೋನು ಸಮರ್ಥ. ಅವನಿಗೆ ಉಬ್ಬಸ, ಗೊತ್ತಲ್ಲ?"

"ನನಗೇ ಬುದ್ಧಿ ಹೇಳ್ತೀರಲ್ಲ! ಪ್ರಾಕ್ಟೀಸ್ ತಪ್ಪಿಸಿದ್ರೆ ಹೆಸರು ತೆಗೀತೀವಿ ಅಂತ ವಾಟ್ಸಾಪಲ್ಲಿ ಹಾಕಿದ್ದು ಯಾರು? ನಿಮ್ ಸ್ಕೂಲೇ ಅಲ್ವಾ?"

ಕಲಾವತಿ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ಕೆಳಗಿಳಿದರು.

"ಮೇಡಂ, ಹಾರ್ನಿಗೂ ಗಂಟಲು ಕಟ್ಕೊಳ್ತು! ಬರ್ತಾಳೋ ಇಲ್ವೋ?" ಡ್ರೈವರ್ ಮರಿಯಪ್ಪ ಕೂಗಿದ.

ವ್ಯಾನಿನ ಕಿಟಕಿಯಲ್ಲಿ ಸಮರ್ಥನ ಮುಖ ಕಾಣಿಸಿತು. ಪಕ್ಕದ ಸೀಟು ತಟ್ಟುತ್ತಾ, "ಶಿವಾನೀ, ನಿಂಗೆ ಜಾಗ ಹಿಡ್ದಿದೀನಿ, ಬಾರೇ!" ಎಂದ.

ಜಗದಾಂಬಾ ಆ ಖಾಲಿ ಸೀಟನ್ನೇ ನೋಡಿದಳು. ಅವಳ ಬೆರಳಲ್ಲಿ ವಿಭೂತಿ ಇನ್ನೂ ಆರಿರಲಿಲ್ಲ.

"ಮರಿಯಪ್ಪಣ್ಣ, ನೀವು ಹೊರಡಿ. ಇವಳು ಬರಲ್ಲ."

ಶಿವಾನಿ ಅಳತೊಡಗಿದಳು. "ಹಂಗಾದ್ರೆ ನನ್ ಹೆಸರು?"

ಕಲಾವತಿ ಅಲ್ಲೇ ಹೆಡ್‌ಮಾಸ್ಟರಿಗೆ ಫೋನ್ ಮಾಡಿದರು. "ಸಾರ್, ತಪ್ಪು ನಮ್ಮದೂ ಇದೆ. ನಾವು ಹೆದರಿಸಿದ್ದಕ್ಕೇ ಜ್ವರದ ಮಕ್ಕಳನ್ನ ಕಳಿಸ್ತಿದಾರೆ. ಕಾರ್ಯಕ್ರಮ ಮುಂದಕ್ಕೆ ಹಾಕೋಣ."

ಹೆಡ್‌ಮಾಸ್ಟರು ಗೊಣಗಿದರು. ಆದರೂ ಸಂಜೆಗೆ ಹೊಸ ಸಂದೇಶ ಬಂತು: ಜ್ವರವಿರುವ ಮಕ್ಕಳು ಮನೆಯಲ್ಲೇ ಇರಲಿ, ಯಾರ ಹೆಸರೂ ಹೋಗುವುದಿಲ್ಲ.

ಜ್ವರದ ಅಲೆ ಇಳಿದ ಮೇಲೆ ಮೈದಾನದ ಹೊಂಗೆಮರದ ಕೆಳಗೆ ಗಾಯನ ನಡೆಯಿತು. ಶಿವಾನಿಯ ದನಿಗೆ ಸಮರ್ಥ ದನಿ ಕೂಡಿಸಿದ. ಎಲ್ಲೂ ಅವನ ಉಸಿರು ಕಟ್ಟಲಿಲ್ಲ. ಜಗದಾಂಬಾ ಕೂತಲ್ಲೇ ಕೈ ಮುಗಿದಳು.

ತಾಯಿ ತಂದೆಯರೇ, ಬ್ಯಾಗು ಕೊಡುವ ಮೊದಲು ಹಣೆ ಮುಟ್ಟಿ ನೋಡಿ. ಬಿಸಿಯಿದ್ದರೆ ಸಿರಪ್ಪಿನಿಂದ ಮರೆಮಾಡಿ ಕಳಿಸಬೇಡಿ. ಔಷಧಿಯಿಲ್ಲದೆಯೂ ಪೂರ್ತಿ ಒಂದು ದಿನ ಜ್ವರ ಬಾರದಿದ್ದರೆ, ಮಗು ಗೆಲುವಾಗಿದ್ದರೆ ಆಗ ಕಳಿಸಿ. ಉಸಿರಾಟ ಕಷ್ಟವಾದರೆ, ನೀರೂ ಕುಡಿಯದೆ ಮಂಕಾದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಫ್ಲೂ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಶಾಲೆಯವರೇ, ಕಿಟಕಿ ತೆರೆಯಿರಿ, ಕೈ ತೊಳೆಯಲು ಸೋಪಿಡಿ, ಹುಷಾರಿಲ್ಲದೆ ಉಳಿದ ಮಗುವಿಗೆ ಶಿಕ್ಷೆ ಬೇಡ.

ನಿಮ್ಮ ಮಗುವಿನ ಪಕ್ಕದ ಸೀಟಿನಲ್ಲಿ ಇನ್ನೊಂದು ಮನೆಯ ಉಸಿರು ಕೂತಿದೆ.