ಧಾರಾವಾಹಿಯಲ್ಲಿ ಆದ ಮದುವೆ

ಟಿವಿಯವರು ಮಡಿವಂತ ಯೆಹೂದಿಗಳಾದ ನಮ್ಮನ್ನು ಕೋಡಂಗಿಗಳ ಹಾಗೆ ತೋರಿಸುತ್ತಾರೆಂದು ಜೆರುಸಲೇಮಿನ ಬೀದಿ ಬೀದಿಯಲ್ಲಿ ಬೈಯುತ್ತಿದ್ದ ಜೆಲಿಗ್‌ನನ್ನು ಧಾರಾವಾಹಿಯವರು ಸಲಹೆಗಾರನಾಗಿ ಇಟ್ಟುಕೊಂಡಿದ್ದರು. ಸುಳ್ಳು ಗಡ್ಡ ಅಂಟಿಸಿಕೊಂಡ ನಟರನ್ನೆಲ್ಲ ಅವನು ಮೊದಲ ದಿನವೇ ಓಡಿಸಿದ. ಮದುವೆಯ ದೃಶ್ಯಕ್ಕೆ ಸಾಕ್ಷಿಗಳಾಗಿ ನಿಲ್ಲಲು ತನ್ನ ಪ್ರಾರ್ಥನಾ ಮಂದಿರದಿಂದಲೇ ಇಬ್ಬರು ಕಟ್ಟಾ ಆಚಾರವಂತರನ್ನು ಕರೆತಂದ. ಮದುಮಗಳ ಪಾತ್ರಕ್ಕೆ ತಂಗಿಯ ಮಗಳು ತೆಹಿಲಾಳನ್ನು ಹಾಕಿಸಿದವನೂ ಅವನೇ.

ಅಪಾಯ ಅವನಿಗೆ ಗೊತ್ತಿತ್ತು. ಯೆಹೂದಿ ಶಾಸ್ತ್ರದ ಪ್ರಕಾರ ಗಂಡು ತನ್ನದೇ ಉಂಗುರ ತೊಡಿಸಿ, ಯೋಗ್ಯ ಸಾಕ್ಷಿಗಳಿಬ್ಬರ ಎದುರು 'ಈ ಉಂಗುರದಿಂದ ನೀನು ನನ್ನವಳಾದೆ' ಎಂಬ ಒಂದು ವಾಕ್ಯ ಹೇಳಿದರೆ ಮದುವೆ ಆಗಿಯೇಹೋಗುತ್ತದೆ. ಅದಕ್ಕೇ ಕಂಪನಿಯ ಹಿತ್ತಾಳೆ ಉಂಗುರವನ್ನೇ ಬಳಸಬೇಕೆಂದು ಕಟ್ಟಪ್ಪಣೆ ಮಾಡಿದ್ದ. ಆದರೆ ಮಧ್ಯಾಹ್ನ ಅಡುಗೆಯವರ ಜೊತೆ ಜಗಳಕ್ಕೆ ಹೋದ. ತಿರುಗಿ ಬರುವಷ್ಟರಲ್ಲಿ ದೃಶ್ಯ ಮುಗಿದು, ತೆಹಿಲಾಳ ತೋರುಬೆರಳಲ್ಲಿ ಚಿನ್ನ ಹೊಳೆಯುತ್ತಿತ್ತು.

"ಯಾರದಮ್ಮ ಇದು?"

"ನಂದೇ ಜೆಲಿಗಣ್ಣ, ನಮ್ಮಜ್ಜಂದು," ಎಂದ ಮದುಮಗನ ಪಾತ್ರದ ನದಾವ್. "ನಿಮ್ಮ ಹಿತ್ತಾಳೆ ಕ್ಯಾಮೆರಾದಲ್ಲಿ ಪರದೆ ಕೊಂಡಿ ಥರ ಕಾಣ್ತಿತ್ತು."

ಇನ್ನು ಹತ್ತು ದಿನಕ್ಕೆ ತೆಹಿಲಾಳ ನಿಜವಾದ ಮದುವೆ. ಹುಡುಗ ಎಲಿಶಾ ಕೊಹೆನ್, ಅಂದರೆ ಪುರೋಹಿತ ವಂಶದವನು. ಈ ಮದುವೆ ನಿಜವೆಂದಾದರೆ ತೆಹಿಲಾ ನದಾವನಿಂದ ವಿಚ್ಛೇದನ ಪಡೆಯಬೇಕು; ವಿಚ್ಛೇದನ ಪಡೆದವಳನ್ನು ಆ ವಂಶದವರು ಕಟ್ಟಿಕೊಳ್ಳುವಂತಿಲ್ಲ.

ಜೆಲಿಗ್ ಕೂಡಲೇ ಧರ್ಮಗುರು ರಬ್ಬಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದ.

"ಹುಡುಗ ನಟನೆ ಅಂತ ತಾನೆ ಹೇಳಿದ್ದು? ಕೇಳು ಅವನನ್ನ. ನಾನೂ ಕೇಳಿಸ್ಕೊಳ್ತೀನಿ," ಎಂದರು ರಬ್ಬಿ.

ಜೆಲಿಗ್ ಫೋನನ್ನು ನದಾವನ ಮುಖಕ್ಕೆ ಹಿಡಿದ. "ಸುಮ್ನೆ ಆಟಕ್ಕೆ ಹೇಳ್ದೆ ತಾನೆ? ಹೂಂ ಅನ್ನಪ್ಪ."

"ಆಟಕ್ಕಾ? ನನ್ನನ್ನ ಏನಂದ್ಕೊಂಡ್ರಿ? ಪೂರ್ತಿ ಮನಸ್ಸಿಟ್ಟೇ ಮಾತಾಡೋನು ನಾನು. ಆ ಗಳಿಗೇಲಿ ಇವಳು ನನ್ನ ಹೆಂಡ್ತಿನೇ."

ಜೆಲಿಗ್ ಅವನ ಕುತ್ತಿಗೆಪಟ್ಟಿ ಹಿಡಿದ. "ಕತ್ತೆ, ಹುಡುಗಿ ಬಾಳು ಮುಳುಗ್ತಿದೆ ಕಣೋ."

ನದಾವನಿಗೆ ಆಗ ದಿಗಿಲಾಯಿತು. "ನಟನೆ ಬಗ್ಗೆ ಹೇಳಿದ್ದು ಸ್ವಾಮಿ. ನಂಗ್ಯಾಕೆ ಹೆಂಡ್ತಿ?"

ಅಷ್ಟರಲ್ಲಿ ಫೋನಿನಿಂದ ರಬ್ಬಿಯ ದನಿ ಬಂತು.

"ಎರಡೂ ಮಾತು ಕೇಳಿಸ್ತು ಜೆಲಿಗ್. ಇದು ನಾನೊಬ್ಬನೇ ತೀರ್ಮಾನಿಸೋದಲ್ಲ. ನಾಳೆ ಧರ್ಮದ ನ್ಯಾಯಪೀಠಕ್ಕೆ ಎಲ್ರನ್ನೂ ಕರ್ಕೊಂಡು ಬಾ. ಅಲ್ಲೀವರೆಗೆ ಮದುವೆ ಕೆಲಸ ನಿಲ್ಸು."

ಜೆಲಿಗ್ ದನಿ ತಗ್ಗಿಸಿದ. "ಸಾಕ್ಷಿಗಳು ಯೋಗ್ಯರಲ್ಲ ಅಂತಾದ್ರೆ?"

"ಹಾಗಂತ ನೀನು ಹೇಳ್ತೀಯಾ?"

ಇಪ್ಪತ್ತು ವರ್ಷದಿಂದ ಅವನ ಪಕ್ಕದಲ್ಲೇ ಪ್ರಾರ್ಥನೆಗೆ ನಿಂತ ಆ ಇಬ್ಬರೂ ತಲೆತಗ್ಗಿಸಿಕೊಂಡು ಕಾಯುತ್ತಿದ್ದರು. ಬೈಗುಳದ ರಾಶಿಯನ್ನೇ ಹೊತ್ತು ತಿರುಗುತ್ತಿದ್ದ ಜೆಲಿಗ್‌ನ ನಾಲಿಗೆಗೆ ಒಂದು ಸುಳ್ಳೂ ಬರಲಿಲ್ಲ.

"ಇಲ್ಲ," ಎಂದ.

ತೆಹಿಲಾ ಅಳಲಿಲ್ಲ. "ಮಾವ, ಎಲಿಶಾಗೆ ನೀನೇ ಹೇಳು. ನನ್ನ ಕೈಲಾಗಲ್ಲ," ಎಂದು ತನ್ನ ಫೋನನ್ನು ಅವನ ಅಂಗೈಗೆ ಒತ್ತಿದಳು. ಆಚೆ ಕಡೆ ಹುಡುಗ ಆಗಲೇ ಉಲ್ಲಾಸದಿಂದ "ಹೇಳು ಕಣೇ" ಎನ್ನುತ್ತಿದ್ದ.