ಗ್ಯಾರಂಟಿ ಕೊಡದ ಕುಮುದಾ

ಕುಮುದಾಳ ಪರ ಸಾಕ್ಷಿ ಹೇಳಲು ವನಜಾಕ್ಷಿಯವರು ಇಳಕಲ್ ಸೀರೆ ಉಟ್ಟು ಹೊರಟರು. ಸಾಕ್ಷಿಯೇನಲ್ಲ, ಒಂದೆರಡು ಪ್ರಶ್ನೆ ಕೇಳುತ್ತಾರೆ ಅಷ್ಟೇ ಎಂದು ಕುಮುದಾ ಹೇಳಿದ್ದಳು. ದುಡ್ಡು ಎಲ್ಲಿ ಹೂಡಬೇಕೆಂದು ಸಲಹೆ ಕೊಡುವುದು ಅವಳ ಕಸುಬು; ವನಜಾಕ್ಷಿಯವರು ಅವಳ ಗ್ರಾಹಕಿ. ಅದಕ್ಕೆ ಸರ್ಕಾರದ ಮಂಡಳಿಯ ಲೈಸೆನ್ಸ್ ಬೇಕು. ಈಗ ತಪಾಸಣೆ ಬಂದಿದೆ. ತಪ್ಪು ಸಿಕ್ಕರೆ ಲೈಸೆನ್ಸ್ ಹೋಗುತ್ತದೆ.

ನಾನಿರುವಾಗ ಅದು ಹೇಗೆ ಹೋಗುತ್ತದೆ ಎಂದುಕೊಂಡರು ವನಜಾಕ್ಷಿ, ನಾಗಪುರದ ಅಂಚಿನ ವಾಡಿಯ ಲಾರಿಗಳ ನಡುವೆ ಆಟೋ ನುಸುಳುತ್ತಿದ್ದಾಗ. ಫ್ಯಾಕ್ಟರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಯಾವ ಮಗುವಿಗೂ ಕಡಿಮೆ ಅಂಕ ಕೊಟ್ಟವರಲ್ಲ.

ಸಿವಿಲ್ ಲೈನ್ಸಿನ ಕುಮುದಾಳ ಆಫೀಸಿನಲ್ಲಿ ತಪಾಸಣೆಯ ಅಧಿಕಾರಿ ಯಶಸ್ ಎದ್ದು, ಕೂಲರನ್ನು ಅವರ ಕಡೆ ತಿರುಗಿಸಿದ. ಗ್ರಾಹಕರೆಲ್ಲ ಕನ್ನಡದವರೆಂದು ಮಂಡಳಿ ಬೆಂಗಳೂರಿನ ಹುಡುಗನನ್ನೇ ಕಳಿಸಿತ್ತು.

“ಇವರ ಸಲಹೆ ಹೇಗಿರುತ್ತೆ ಅಜ್ಜಿ?”

“ಏನ್ ಕೇಳ್ತಿ ತಮ್ಮಾ. ಲಾಭ ಬರೋಬರ್ ಬರ್ತೈತಿ, ನಾ ಗ್ಯಾರಂಟಿ ಅಂತ ಎದಿ ತಟ್ಟಿ ಹೇಳ್ತಾಳ. ಇಂಥಾಕಿ ಇಡೀ ನಾಗಪುರದಾಗ ಸಿಗಂಗಿಲ್ಲ.”

ಯಶಸ್‌ನ ಪೆನ್ನು ನಿಂತಿತು. ಕುಮುದಾಳ ಮುಖ ಬಿಳಿಚಿಕೊಂಡಿತು.

“ಲಾಭಕ್ಕೆ ಗ್ಯಾರಂಟಿ ಕೊಡೋದೇ ದೊಡ್ಡ ತಪ್ಪು ಅಜ್ಜಿ. ಅದಕ್ಕೇ ಲೈಸೆನ್ಸ್ ಹೋಗೋದು.”

ಪೂರ್ತಿ ಅಂಕ ಕೊಟ್ಟು ಫೇಲು ಮಾಡಿದ್ದು ವನಜಾಕ್ಷಿಯವರಿಗೆ ಇದೇ ಮೊದಲು. “ಹೊಗಳಬೇಕಂತ ಹೇಳಿದೆ ತಮ್ಮಾ. ಆಕಿ ಹಂಗ ಅಂದೇ ಇಲ್ಲ.”

“ಯಾವುದನ್ನ ನಂಬಲಿ?”

ಗ್ರಾಹಕರ ಫೋನ್ ಮಾತುಗಳನ್ನು ರೆಕಾರ್ಡ್ ಮಾಡಿಡಬೇಕೆಂಬುದೂ ಮಂಡಳಿಯ ನಿಯಮವೇ. ಕುಮುದಾ ಲ್ಯಾಪ್‌ಟಾಪ್ ತೆರೆದು ಒಂದನ್ನು ಹಾಕಿದಳು. ವನಜಾಕ್ಷಿಯವರದೇ ದನಿ ಬಂತು.

“ಒಂದು ಮಾತು, ಗ್ಯಾರಂಟಿ ಅನ್ನವಾ.”

“ಅನ್ನೋ ಹಾಗಿಲ್ಲ ಆಂಟಿ. ಇಳಿದರೂ ಇಳೀಬಹುದು.”

“ನಮ್ಮ ಹಾಲಿನಾಂವ ನೋಡು, ನಾಳೆ ಗಟ್ಟಿ ಹಾಲು ಗ್ಯಾರಂಟಿ ಅಂತಾನ.”

“ತಂದಿದ್ದಾನಾ?”

“ಎಲ್ಲೀದು. ಆದ್ರ ಅಂತಾನಲ್ಲ, ಮನಸಿಗೆ ಚಲೋ ಅನಸ್ತೈತಿ. ನೀ ಬಾಯಿಮಾತಿಗೂ ಜಿಪುಣಿ.”

ಯಶಸ್ ನಗುವನ್ನು ಕೆಮ್ಮಿನಲ್ಲಿ ಮುಚ್ಚಿದ. ದನಿ ಸೊಸೆಯ ಅಡುಗೆಯತ್ತ ಹೊರಳಿದ್ದೇ, ಅವನೇ ಕೈ ಚಾಚಿ ನಿಲ್ಲಿಸಿದ. “ಸಾಕು. ಮುಂದಿನದು ನಮ್ಮ ವ್ಯಾಪ್ತಿಗೆ ಬರಲ್ಲ. ಗ್ಯಾರಂಟಿ ಕೊಟ್ಟಿಲ್ಲ ಅಂತ ಬರ್ಕೊಂಡೆ.”

ವನಜಾಕ್ಷಿಯವರು ಸೆರಗಿನಿಂದ ಹಣೆ ಒರೆಸಿಕೊಂಡರು. ಮೆಟ್ಟಿಲಿಳಿಯುವಾಗ ಅವನೇ ಬಂದು ಕೈ ಹಿಡಿದ.

“ಹಂಗಾರ ಕುಮುದಾ ಪಾಸು. ಗ್ಯಾರಂಟಿ ಹೌದಲ್ಲೋ?”

“ಅದನ್ನ ನಾನೂ ಹೇಳೋ ಹಾಗಿಲ್ಲ ಅಜ್ಜಿ,” ಎಂದು ಹುಡುಗ ಆಟೋದ ಚಕ್ರಕ್ಕೆ ಅವರ ಸೆರಗು ಸಿಗದಂತೆ ಒಳಗೆ ಸರಿಸಿದ.

“ಇವನೂ ಜಿಪುಣ ನೋಡು,” ಎಂದರು ವನಜಾಕ್ಷಿ, ಮೆಟ್ಟಿಲ ಮೇಲೆ ನಿಂತು ನಗುತ್ತಿದ್ದ ಕುಮುದಾಳಿಗೆ.